ಪಾವಣೆ ಐದು

"ನಾಳೆ ಪಾವಣೆ ಐದಕ್ಕ ಸ್ಟೇಷನ್ನಿಗೆ ಬಾ. ಬರಲಿಲ್ಲಂದ್ರ ನಿನಗ ಮನಸಿಲ್ಲ ಅಂತ ತಿಳ್ಕೊಂಡು ನಾ ಒಬ್ಬನ ಊರಿಗೆ ಹೋಗ್ತೀನಿ" ಅಂದಿದ್ದ ಅವನು.

ಅವನು ಧಾರವಾಡದ ಕಡೆಯವನು, ನಾನು ಮೈಸೂರಿನವಳು. ಪಾವು ಅಂದರೆ ಕಾಲು ಸೇರು, ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹಾಗಾದರೆ ಪಾವಣೆ ಐದು ಅಂದರೆ ಐದೂಕಾಲು. ಇದನ್ನೇನು ಅವನ ಹತ್ತಿರ ಕೇಳೋದು?

ಉಟ್ಟ ಸೀರೆಯಲ್ಲೇ ಮನೆ ಬಿಟ್ಟು, ಐದು ಗಂಟೆಗೇ ಹೋಗಿ ನಿಂತೆ. ರೈಲೊಂದು ಆಗಷ್ಟೇ ಹೊರಟಿತ್ತು. ಒಳ್ಳೆಯದೇ ಆಯಿತು, ಜನ ಕಡಿಮೆಯಾದರೆ ಅವನನ್ನು ಹುಡುಕೋದು ಸುಲಭ ಅಂದುಕೊಂಡೆ.

ಎಂಟರವರೆಗೂ ಕಾದೆ. ಆಮೇಲೆ ಅವನ ಎರಡು ಕಾಗದ ಬಂದವು. ಒಡೆಯದೇ ಒಲೆಗೆ ಹಾಕಿದೆ. ಇಪ್ಪತ್ತೇಳು ವರ್ಷ ಆ ಮೋಸಗಾರನಿಗೆ ಹಿಡಿಶಾಪ ಹಾಕಿದೆ.

ಮೊನ್ನೆ ಮಗಳಿಗೆ ಗೊತ್ತಾದ ಗಂಡಿನ ಮನೆ ನೋಡಲು ಹುಬ್ಬಳ್ಳಿಗೆ ಹೋಗಿದ್ದೆವು. ಹುಡುಗನ ತಾಯಿ ಚಹಾ ತಂದಿಟ್ಟರು.

"ತಗೊಳ್ರಿ, ಮಾತಿನಾಗ ಪಾವಣೆ ಐದಾತು."

"ಆಗಲೇ ಐದೂಕಾಲು ಆಗೋಯ್ತಾ?"

"ಅಯ್ಯ, ಇಲ್ರಿ" ಅಂತ ನಕ್ಕು ಅವರು ಗೋಡೆ ಗಡಿಯಾರದ ಕಡೆ ಕೈ ತೋರಿಸಿದರು.

ಐದಾಗಲು ಇನ್ನೂ ಹದಿನೈದು ನಿಮಿಷವಿತ್ತು.