ಮೊದಲು ಬಂದವರ ಕಸಬರಿಗೆ

ಬಳೆ ಅಂಗಡಿಯ ಬಂದೇಸಾಬ ಕೀಲಿಕೈ ಹಿಡಿದು ನಿಂತುಬಿಟ್ಟ. ಅವನ ಅಂಗಡಿಯ ಕಟ್ಟೆಯನ್ನು ಯಾರೋ ಆಗಲೇ ಗುಡಿಸಿ, ನೀರು ಚಿಮುಕಿಸಿದ್ದರು.

ಸವಣೂರಿನ ಈ ಹಳೇ ಪೇಟೆಯಲ್ಲಿ ಮುಂಜಾನೆ ಮೊದಲು ಬಂದವರು ಬಾಜೂ ಅಂಗಡಿಯ ಕಟ್ಟೆಯನ್ನೂ ಗುಡಿಸುವುದು ರೂಢಿ. ಗಿರಾಕಿಗಳು ಬೈಪಾಸಿನ ದಾರಿ ಹಿಡಿದ ಮೇಲೆ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಮೊನ್ನೆ ಪುರಸಭೆಯವರು ಬೀದಿಗೆ ಹೊಸ ಕಲ್ಲು ಹಾಸಿ, ದೀಪದ ಕಂಬ ನೆಟ್ಟರು. ಕಂಬದ ಬುಡದಲ್ಲಿ ನಾಯಿಗಳು ಮಲಗಿದವು. ಬಾಜೂ ಪರಮೇಶ್ವರಪ್ಪನ ಬಟ್ಟೆ ಅಂಗಡಿ ಮುಚ್ಚಿ ನಾಲ್ಕು ವರ್ಷ. ಅದರ ಕಟ್ಟೆಯನ್ನು ದಿನಾ ಗುಡಿಸಿ ಗುಡಿಸಿ ಬಂದೇಸಾಬನ ಸೊಂಟ ಸೋತಿತ್ತು. ಇವತ್ತು ತನ್ನ ಅಂಗಡಿಗೂ ಹಾಕಲೆಂದು ಅವನು ಬಗಲಲ್ಲಿ ಹಿಡಿದು ತಂದದ್ದು ‘ಅಂಗಡಿ ಬಾಡಿಗೆಗೆ ಇದೆ’ ಎಂಬ ಬೋರ್ಡು.

ಬಾಜೂ ಅಂಗಡಿಯ ಶಟರ್ ಅರ್ಧ ಎದ್ದಿತ್ತು. ಪರಮೇಶ್ವರಪ್ಪನ ಮಗಳು ಶ್ವೇತಾ ಕಸಬರಿಗೆ ಹಿಡಿದೇ ಬಗ್ಗಿ ಹೊರಬಂದಳು.

“ಹೊಲಿಗಿ ಅಂಗಡಿ ಹಾಕಾಕತ್ತೇನ್ರಿ ಕಾಕಾ.”

“ಇಲ್ಲಿಗೆ ಯಾರ ಬರ್ತಾರವ್ವಾ?”

“ಗೊತ್ತಿಲ್ರಿ. ಇವತ್ತ ನಾನ ಮೊದಲ ಬಂದೆ, ಅಷ್ಟ.”

ಬಂದೇಸಾಬ ಬೋರ್ಡಿನ ಮುಖವನ್ನು ಗೋಡೆಗೆ ತಿರುಗಿಸಿಟ್ಟು, ಹಸಿ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟ.

“ನಾಳೆ ನಾ ನಿನಗಿಂತ ಲಗೂನ ಬರ್ತೇನಿ,” ಎಂದ.