ಇಂಚರಳ ಮನೆಗೆ ನೋಡಲು ಬಂದವರು

ಓದು ಕಲಿಸುವ ಯಂತ್ರಗಳು ಮನೆಮನೆಗೆ ಬಂದು ತಮ್ಮನ್ನು ತೋರಿಸಿಕೊಳ್ಳುವ ಕಾಲ ಅದು. ಅವು ತಿನ್ನುವುದಿಲ್ಲವೆಂದು ಗೊತ್ತಿದ್ದೂ ಹೇಮಲತಾ ಉಪ್ಪಿಟ್ಟು, ಕೇಸರಿಬಾತು ಮಾಡಿದ್ದಳು; ಶಾಸ್ತ್ರ ಶಾಸ್ತ್ರವೇ. ಒಂಬತ್ತರ ಮಗಳು ಇಂಚರಳಿಗೆ ಡಿಸ್ಲೆಕ್ಸಿಯಾ; ಅಕ್ಷರಗಳು ಕಲಸಿಹೋಗಿ ಓದು-ಬರಹ ತೊಡಕಾಗುತ್ತಿತ್ತು. ಶಾಲೆಯಲ್ಲಿ ದಿನಾ ಅಳುತ್ತಿದ್ದಳೆಂದು ಬಿಡಿಸಿ, ಮನೆಯಲ್ಲೇ ಕಲಿಸುತ್ತಿದ್ದರು. ಇಂದು ಬರುವ ಮೂರರಲ್ಲಿ ಒಂದೂ ಒಪ್ಪಿಗೆಯಾಗದಿದ್ದರೆ ನಾಳೆ ಮತ್ತೆ ಅದೇ ಶಾಲೆ.

ಒಪ್ಪಬೇಕಾದವಳು ಇಂಚರಳೇ. ಬಂದವರ ಕೈಗೆ ತಾನು ಬರೆದ ಆನೆಯ ಕಥೆ ಕೊಡುತ್ತಿದ್ದಳು.

ಕಾಗುಣಿತದ ಯಂತ್ರ ಕನ್ನಡಕ ಏರಿಸಿ, "ಇಪ್ಪತ್ತೊಂದು ತಪ್ಪು," ಎಂದಿತು. ವ್ಯಾಕರಣದ ಯಂತ್ರ ಪುಟ ತೆರೆಯುವ ಮೊದಲೇ, "ಅಬ್ಬಬ್ಬಾ, ಜಾಣಮರೀ!" ಎಂದು ಜೇನು ಸುರಿಸಿತು. ಎರಡೂ ಹೊಸ್ತಿಲು ದಾಟಿ ಹೊರಟುಹೋದ ಮೇಲೆ ಇಂಚರ ಅವುಗಳದೇ ದನಿ ತೆಗೆದಳು: "ಅಬ್ಬಬ್ಬಾ, ಇಪ್ಪತ್ತೊಂದು ಜಾಣಮರೀ!"

ಮೂರನೆಯದು ಗಿಡ್ಡ ಯಂತ್ರ. ಸಾಲಿನ ಮೇಲೆ ಬೆರಳಿಟ್ಟು, "ಆನೆ... ಬಸ್ಸು... ಹತ್ತಿ..." ಎಂದು ಓದಿ ನಿಂತಿತು. "ಮುಂದಿಂದು ಗೊತ್ತಾಗ್ತಿಲ್ಲ ಕಣೇ ಪುಟ್ಟಿ. ಆಮೇಲೇನಾಯ್ತು?"

"ಅಯ್ಯೋ, ಇಷ್ಟೂ ಬರಲ್ವಾ? ಇಲ್ಲಿ ನೋಡು!"

ಇಂಚರ ಅದರ ಬೆರಳು ಹಿಡಿದು ಸಾಲಿನುದ್ದಕ್ಕೂ ನಡೆಸಿದಳು. ತಡವರಿಸಿದಳು, ಹಿಂದಕ್ಕೆ ಹೋದಳು, ಮತ್ತೆ ಹೊರಟಳು. ಆನೆ ಕೊನೆಯ ಸ್ಟಾಪಿನಲ್ಲಿ ಇಳಿಯುವವರೆಗೂ ಓದಿದಳು.

ಮಗಳು ಗಟ್ಟಿಯಾಗಿ ಓದಿದ್ದನ್ನು ಹೇಮಲತಾ ಕೇಳಿದ್ದು ಅದೇ ಮೊದಲು. ಕೇಸರಿಬಾತಿನ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

ಇಂಚರ ಓಡಿ ಬಂದು ತಟ್ಟೆ ಕಸಿದುಕೊಂಡು ಪಿಸುಗುಟ್ಟಿದಳು: "ಅಮ್ಮಾ, ಪಾಪ, ಅದಕ್ಕೆ ಸರಿಯಾಗಿ ಓದೋಕೇ ಬರಲ್ಲ. ಇಟ್ಕೊಳ್ಳೋಣ, ನಾನು ಕಲಿಸ್ತೀನಿ."