ದಿಂಬಿನಡಿಯ ಗುಂಡಿಗಳು

ಅಕ್ಕ ಮೊಬೈಲ್ ಅಂಗಡಿಯ ನಟ್ಟನಡುವೆ ನಿಂತು ಕಣ್ಣು ಮುಚ್ಚಿಕೊಂಡಳು. ಅಂಗಡಿಯವನು ಗಾಬರಿಯಾಗಿ ಕುರ್ಚಿ ತಂದು ಅವಳ ಹಿಂದಿಟ್ಟ.

"ತಲೆ ಸುತ್ತಿಲ್ಲ ರೀ, ಟೈಪ್ ಮಾಡಿ ನೋಡ್ತಿದೀನಿ," ಎನ್ನುತ್ತ ಅವಳು ಹೊಸ ಫೋನಿನ ಮೇಲೆ ಎರಡೂ ಹೆಬ್ಬೆರಳು ಓಡಿಸಿದಳು. ನಿಜವಾದ ಗುಂಡಿಗಳಿರುವ ಸ್ಮಾರ್ಟ್‌ಫೋನ್ ಇಡೀ ಅಂಗಡಿಯಲ್ಲಿ ಇದ್ದದ್ದು ಅದೊಂದೇ. ಕಣ್ಣು ಬಿಟ್ಟು ನೋಡಿದರೆ ಪರದೆಯ ಮೇಲೆ ಮೂಡಿದ್ದು ಯಾವ ಲೋಕದ ಭಾಷೆಯೋ! "ಇದರ ಗುಂಡಿಗಳು ಚಪ್ಪಟೆ. ನನ್ನ ಹಳೇದರಲ್ಲಿ ಒಂದೊಂದೂ ಉಬ್ಬಿಕೊಂಡಿದೆ."

"ಉಬ್ಬಿರೋದು ಗುಂಡಿ ಮಾತ್ರ ಅಲ್ಲ," ಎಂದ ಜೊತೆಗೆ ಬಂದಿದ್ದ ತಮ್ಮ. ಹಳೆಯ ಫೋನಿನ ಬ್ಯಾಟರಿ ಹಿಂದಿನ ಮುಚ್ಚಳವನ್ನೇ ಎತ್ತುವಷ್ಟು ಊದಿಕೊಂಡಿತ್ತು. ಅಂಥ ಬ್ಯಾಟರಿ ಈಗ ಎಲ್ಲೂ ಸಿಗುವುದಿಲ್ಲ. "ಏಳನೇ ತಿಂಗಳು ಕಣೇ ಅದಕ್ಕೆ. ದಿಂಬಿನಡಿ ಇಟ್ಕೊಂಡು ಮಲಗ್ತೀಯ. ಒಂದಿನ ಅಲ್ಲೇ ಹೆರಿಗೆ ಆಗಿ ಬೆಂಕಿ ಹುಟ್ಟುತ್ತೆ, ನೋಡ್ತಿರು."

ಅಂಗಡಿಯವನು ಹಳೆಯದನ್ನು ಪಡೆದು ಹೊಸದನ್ನು ಕೊಡಲು ಒಪ್ಪಿದ್ದ. ಅಕ್ಕ ಮಾತ್ರ ಒಪ್ಪಿರಲಿಲ್ಲ. ಅವಳು ಬಟ್ಟೆ ಕಾರ್ಖಾನೆಯಲ್ಲಿ ಬೆಡ್‌ಶೀಟುಗಳಿಗೆ ಚಿತ್ರ ಬರೆಯುವವಳು. ಚಿತ್ರಗಳೆಲ್ಲ ಅವಳಿಗೆ ಬರುತ್ತಿದ್ದದ್ದು ನಿದ್ದೆಯಲ್ಲಿ. ಮಲಗುವವರಿಗೆ ಮಲಗಿಯೇ ದುಡಿಯುವವಳು ಎಂದು ತಮ್ಮ ರೇಗಿಸುತ್ತಿದ್ದ. ಆದರೆ ಕಣ್ಣು ಬಿಟ್ಟ ಕೂಡಲೇ ಕನಸು ಆವಿ. ಅದಕ್ಕೇ ಎಚ್ಚರವಾದರೂ ಅವಳು ರೆಪ್ಪೆ ತೆರೆಯುತ್ತಿರಲಿಲ್ಲ. ದಿಂಬಿನಡಿಗೆ ಕೈ ಹಾಕಿ, ಕಂಡದ್ದನ್ನೆಲ್ಲ ತಡವುತ್ತ ಟೈಪ್ ಮಾಡಿ, ಫೋನನ್ನು ಮತ್ತೆ ದಿಂಬಿನಡಿಗೇ ತಳ್ಳಿ, ಆಮೇಲೆ ಬೆಳಕಿಗೆ ಬರುತ್ತಿದ್ದಳು. ಹಿಂದೊಮ್ಮೆ ಗಾಜಿನ ಫೋನ್ ಇಟ್ಟುಕೊಂಡು ನೋಡಿದ್ದಳು. ಬೆರಳೂ ಜಾರಿತು, ಕನಸೂ ಜಾರಿತು. ಆ ಸಲದ ಬೆಡ್‌ಶೀಟುಗಳೆಲ್ಲ ಬರೀ ಪಟ್ಟೆ. "ಪಟ್ಟೆ ಎಳೆಯೋಕೆ ನೀವ್ಯಾಕಮ್ಮ, ಒಂದು ಸ್ಕೇಲ್ ಸಾಕಲ್ಲ?" ಎಂದಿದ್ದ ಕಾರ್ಖಾನೆ ಮಾಲೀಕ. ಆ ಮಾತು ಇನ್ನೂ ಅವಳಿಗೆ ಚುಚ್ಚುತ್ತಿತ್ತು.

"ನಾಳೆ ಸಂಜೆ ಹೇಳ್ತೀನಿ," ಎಂದು ಅಂಗಡಿಯವನಿಗೆ ಹೇಳಿ ಹೊರಬಿದ್ದಳು. ದಾರಿಯುದ್ದಕ್ಕೂ ತಮ್ಮ ಮಾಲೀಕನ ಮೂಗಿನ ದನಿಯಲ್ಲಿ "ಸ್ಕೇಲ್, ಸ್ಕೇಲ್" ಎನ್ನುತ್ತಲೇ ಬಂದ. ದನಿ ಕೊಡುವುದು ಅವನ ಕಸುಬೇ. ಊರಿನ ಅರ್ಧ ಲಿಫ್ಟುಗಳಲ್ಲಿ "ಬಾಗಿಲು ಮುಚ್ಚುತ್ತಿದೆ" ಎನ್ನುವುದು ಅವನ ಗಂಟಲು.

ಮರುದಿನ ಬೆಳಿಗ್ಗೆ ಅವನು ಎರಡು ಲೋಟ ಚಹಾ ಹಿಡಿದು ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತ. ಕಿಟಕಿಯ ಪರದೆ ಉಸಿರಾಡುತ್ತಿತ್ತು. ಅಕ್ಕನ ಕಣ್ಣು ಮುಚ್ಚಿತ್ತು, ಮುಖ ನೀರಿನೊಳಗೆ ಈಜುತ್ತಿರುವವಳದ್ದು. ಹೊದಿಕೆಯ ಅಡಿಯಿಂದ ಗುಂಡಿಗಳ ಟಿಕ್ ಟಿಕ್ ಮೆಲ್ಲಗೆ ಕೇಳುತ್ತಿತ್ತು, ದೂರದ ಹೆಂಚಿನ ಮೇಲೆ ಹಕ್ಕಿ ನಡೆದಂತೆ. ತಮ್ಮ ನಗು ತಡೆಯಲು ತುಟಿ ಕಚ್ಚಿಕೊಂಡ. ಟಿಕ್ ಟಿಕ್ ನಿಂತಿತು. ಅಕ್ಕ ಎದ್ದು, ಕೂದಲು ಸಹ ಕಟ್ಟಿಕೊಳ್ಳದೆ, ನೇರ ಮೇಜಿಗೆ ಹೋಗಿ ಕೂತು ಚಿತ್ರ ಬರೆಯತೊಡಗಿದಳು.

ಕಾಗದದ ಮೇಲೆ ಬೀದಿಯೊಂದರ ತುಂಬ ನೀರು ನಿಂತಿತು. ಬೀದಿದೀಪದ ಕಂಬಗಳು ಆ ನೀರಿಗೆ ಬೇರು ಬಿಟ್ಟವು, ಕೊಂಬೆ ಒಡೆದವು. ಕೊಂಬೆಗೊಂದು ಬಾಗಿಲು, ಬಾಗಿಲಿಗೊಬ್ಬಳು ಹೆಂಗಸು, ಬೆನ್ನು ಹಾಕಿ ಕೂತು ತಲೆ ಬಾಚಿಕೊಳ್ಳುತ್ತಿರುವವಳು. ಉದುರಿದ ಕೂದಲುಗಳೆಲ್ಲ ನೀರಿಗೆ ಬಿದ್ದು ಮೀನಾದವು. ತಮ್ಮ ಚಹಾ ಕುಡಿಯುವುದನ್ನೂ ಮರೆತು ನೋಡುತ್ತ ನಿಂತ. ಈಗ ಫೋನ್ ತೆಗೆಯುತ್ತಾಳೆ, ಈಗ ಕಿರುಚುತ್ತಾಳೆ ಎಂದು ಕಾದ. ಅವಳು ಮೀನಿಗೆ ಕಣ್ಣು ಬರೆಯುತ್ತಿದ್ದಳು. ಕೊನೆಗೆ ತಡೆಯಲಾರದೆ ಅವನೇ ಬಾಯಿಬಿಟ್ಟ.

"ಅಕ್ಕಾ, ಟೈಪ್ ಮಾಡಿದ್ದನ್ನ ಓದಲ್ವೇನೇ?"

"ಮರೆತರೆ ತಾನೇ ಓದೋದು? ಅದರಲ್ಲಿ ಭದ್ರವಾಗಿದೆ ಬಿಡು."

ಅವನು ಲಿಫ್ಟಿನ ದನಿ ತೆಗೆದ. "ದಯವಿಟ್ಟು ಗಮನಿಸಿ. ನಿಮ್ಮ ಫೋನಿನಲ್ಲಿ ಬ್ಯಾಟರಿ ಇಲ್ಲ. ನಿನ್ನೆ ನೀವು ಊಟ ಮಾಡುತ್ತಿದ್ದಾಗಲೇ ತೆಗೆಯಲಾಗಿದೆ. ಈಗ ಅದು ಬಾಲ್ಕನಿಯ ಮರಳಿನ ಡಬ್ಬದಲ್ಲಿದೆ."

ಅಕ್ಕನ ಪೆನ್ಸಿಲು ನಿಂತಿತು. ಎದ್ದು ಹೋಗಿ ದಿಂಬಿನಡಿಯಿಂದ ಫೋನ್ ಎಳೆದಳು. ಒತ್ತಿದಳು, ಇನ್ನೊಮ್ಮೆ ಒತ್ತಿದಳು. ಪರದೆ ಕಪ್ಪಗೇ ಇತ್ತು. ಅವಳ ಮುಖದಲ್ಲಿ ರಕ್ತವಿಲ್ಲದ್ದು ಕಂಡು ತಮ್ಮ ಲೋಟಗಳನ್ನು ನೆಲಕ್ಕಿಟ್ಟ. "ತಮಾಷೆಗೆ ಕಣೇ... ಇವತ್ತಿನ ಕನಸು ಹೋದ್ರೆ ಹೊಸದಕ್ಕೆ ಒಪ್ತೀಯ ಅಂತ..."

ಅವಳು ಫೋನನ್ನು ನೋಡಿದಳು, ಮೇಜಿನ ಮೇಲಿನ ಚಿತ್ರವನ್ನು ನೋಡಿದಳು. "ಲೋ, ಇದರಲ್ಲಿ ಬರೆದಿದ್ದನ್ನ ನಾನು ಯಾವತ್ತಾದ್ರೂ ಓದಿದೀನಾ?"

"ನನ್ನನ್ನ ಕೇಳಿದ್ರೆ?"

ಮೊದಲು ಅವಳ ಭುಜ ಕುಲುಕಿತು. ಆಮೇಲೆ ನಗು ಬಂತು, ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಬೀಳುವಂಥ ನಗು. ಬಾಗಿಲಲ್ಲಿ ತಮ್ಮ ತುಟಿ ಕಚ್ಚಿ ತಡೆದಿದ್ದ ನಗು ಅದರ ಮುಂದೆ ಏನೇನೂ ಅಲ್ಲ.

"ಅಂಗಡಿಯವನಿಗೆ ಏನು ಹೇಳೋದೇ?"

"ಇದನ್ನ ಕೊಡಲ್ಲ ಅಂತ ಹೇಳು. ಹಗಲು ಮಾತಾಡೋಕೆ ಯಾವ ಫೋನಾದ್ರೇನು, ಗಾಜಿಂದೇ ತರ್ತೀನಿ. ಮಲಗೋಕೆ ಇದೇ ಇರಲಿ, ಬ್ಯಾಟರಿ ಇಲ್ದೇನೇ." ಕಣ್ಣೊರೆಸಿಕೊಂಡಳು. "ಆದ್ರೆ ಇಷ್ಟು ವರ್ಷ ನಾನು ಯಾರಿಗೆ ಬರೀತಿದ್ದೆನೋ?"

ಕೇಳಿ ಮತ್ತೆ ನಗತೊಡಗಿದಳು. ಆ ನಗುವಿನ ನಡುವೆಯೂ ಅವಳ ಹೆಬ್ಬೆರಳುಗಳು ಸತ್ತ ಫೋನಿನ ಮೇಲೆ ಏನನ್ನೋ ಒತ್ತುತ್ತಲೇ ಇದ್ದವು.